ಮಾವ ನೋಡುತ್ತಿದ್ದ ಕಡೆ

ನನಗೊಂದು ಅಭ್ಯಾಸವಿದೆ. ಮಾತಾಡುವಾಗ ಮಾತು ಸಿಗದಿದ್ದರೆ ಅಂಗಿಯ ಜೇಬು ತಡವುತ್ತೇನೆ. ಜೇಬಿನಲ್ಲಿ ಮಾತೇನೂ ಇರುವುದಿಲ್ಲ. ಬಸ್ಸಿನ ಟಿಕೆಟ್ಟು, ಒಂದು ಪೆನ್ನು, ಎಂದೋ ಯಾರೋ ಕೊಟ್ಟ ಏಲಕ್ಕಿ, ಇಷ್ಟೇ. ಇವತ್ತು ಬೆಳಿಗ್ಗೆ ಹೊಸ ಅಂಗಿ ತೊಟ್ಟು ಹಾಗೇ ತಡವಿದರೆ ಜೇಬೇ ಇಲ್ಲ. ಈಗಿನ ಅಂಗಿಗಳಿಗೆ ಜೇಬು ಇಡುವುದಿಲ್ಲವಂತೆ. ಎಡಗಡೆಯ ಖಾಲಿ ಎದೆಯ ಮೇಲೆ ಕೈಯಿಟ್ಟು ಕನ್ನಡಿಯ ಮುಂದೆ ಪೆಚ್ಚಾಗಿ ನಿಂತೆ. ಕನ್ನಡಿಯೊಳಗಿನವನು ಬಲಗಡೆಯ ಎದೆ ಹಿಡಿದುಕೊಂಡು ನಿಂತಿದ್ದ. ನಗು ಬಂತು. ಯಾಕೆ ಬಂತು ಎಂದು ನಿಮಗೆ ಹೇಳಬೇಕಾದರೆ ದೇವೀರತ್ತೆಯ ವಿಷಯ ಹೇಳಬೇಕು. ದೇವೀರತ್ತೆಯ ವಿಷಯ ಹೇಳಬೇಕಾದರೆ ನನಗೆ ಹಿಡಿದಿದ್ದ ಕಪ್ಪು-ಬಿಳುಪಿನ ಹುಚ್ಚಿನ ವಿಷಯ ಹೇಳಬೇಕು. ನೇರವಾಗಿ ಹೇಳಲು ನನಗೆ ಬರುವುದಿಲ್ಲ. ನೇರವಾಗಿ ಹೇಳುವವರನ್ನು ನಾನು ನಂಬುವುದೂ ಇಲ್ಲ.

ಹುಚ್ಚುಗಳು ನನಗೆ ಹೊಸದಲ್ಲ. ಹಿಂದೊಮ್ಮೆ ಕ್ರಿಯಾಪದಗಳೇ ಇಲ್ಲದ ಕವಿತೆಗಳನ್ನು ಬರೆದೆ. ಓದಿದ ಗೆಳೆಯರು ಮಾತುಗಳೇ ಇಲ್ಲದ ವಿಮರ್ಶೆ ಮಾಡಿದರು. ಆಮೇಲೆ ಕೊನೆಯಿಂದ ಮೊದಲಿಗೆ ಓದಬೇಕಾದ ಒಂದು ಕಥೆ ಬರೆದೆ. ಜನ ಅದನ್ನು ಎರಡೂ ಕಡೆಯಿಂದ ಓದಲಿಲ್ಲ. ಅಕ್ಷರಗಳ ಮೇಲೆ ಮುನಿಸಿಕೊಂಡು ಕ್ಯಾಮೆರಾ ಕೊಂಡೆ. ಅದೂ ಹಳೆಯ ಫಿಲಂ ಕ್ಯಾಮೆರಾ, ಬರೀ ಕಪ್ಪು-ಬಿಳುಪು. ಮನುಷ್ಯರ ಮುಖದ ಮೇಲೆ ಹಾದುಹೋಗುವ ಭಾವವನ್ನು ಇದ್ದ ಹಾಗೇ ಹಿಡಿದುಬಿಡಬೇಕು ಎಂದು ಹೊರಟೆ. ಬಣ್ಣ ಬಂದರೆ ಜನ ಸೀರೆ ನೋಡುತ್ತಾರೆ, ಮುಖ ನೋಡುವುದಿಲ್ಲ ಎಂಬುದು ನನ್ನ ಆಗಿನ ಸಿದ್ಧಾಂತ. ಸಕಲೇಶಪುರದ ನಮ್ಮ ಮನೆಯ ಬಚ್ಚಲಿನ ಕಿಟಕಿಗೆ ಕಪ್ಪು ಬಟ್ಟೆ ಹೊಡೆದು ಅಲ್ಲೇ ಫಿಲಂ ತೊಳೆಯುತ್ತಿದ್ದೆ. ಹೊರಗೆ ನನ್ನ ಹೆಂಡತಿ ಟವೆಲ್ ಹಿಡಿದುಕೊಂಡು ನಿಂತಿರುತ್ತಿದ್ದಳು. ಆಗ ಅವಳ ಮುಖದ ಮೇಲೆ ಇರುತ್ತಿದ್ದ ಭಾವವನ್ನು ಮಾತ್ರ ನಾನು ಹಿಡಿಯಲು ಹೋಗಲಿಲ್ಲ.

ನಮ್ಮ ಕಡೆಯ ಜನರ ಮುಖದಲ್ಲಿ ಭಾವಕ್ಕೇನೂ ಕೊರತೆಯಿಲ್ಲ. ಬಸ್ಸಿನಲ್ಲಿ ಕೂತು ಕಾಳುಮೆಣಸಿನ ರೇಟು ಮಾತಾಡುವವರನ್ನು ನೋಡಿ, ಒಂದೇ ಮುಖದಲ್ಲಿ ನವರಸಗಳೂ ಬಂದು ಹೋಗುತ್ತವೆ. ಆದರೆ ‘ಒಂದು ಫೋಟೋ ತೆಗೀತೀನಿ’ ಎಂದು ನೋಡಿ. ಹೆಂಗಸರಾದರೆ ‘ಇರಿ, ಬಂದೆ’ ಎಂದು ಒಳಗೆ ಹೋಗಿ ಪೌಡರ್ ಬಳಿದುಕೊಂಡು ಬರುತ್ತಾರೆ. ಗಂಡಸರು ಉಸಿರು ಎಳೆದುಕೊಂಡು ಹೊಟ್ಟೆಯನ್ನು ಎಲ್ಲೋ ಬಚ್ಚಿಡುತ್ತಾರೆ. ಆಮೇಲೆ ಇಬ್ಬರೂ ಒಂದೇ ಮುಖ ಮಾಡುತ್ತಾರೆ, ಪೊಲೀಸರು ಬಂದು ಹೆಸರು ಕೇಳಿದರೆ ಮಾಡುವ ಮುಖ. ಇದಕ್ಕೆ ನಾನು ‘ಫೋಟೋ ಮುಖ’ ಎಂದು ಹೆಸರಿಟ್ಟಿದ್ದೆ. ಊರೂರು ತಿರುಗಿ ನಾನು ಕೂಡಿಸಿದ್ದೆಲ್ಲ ಅದೇ. ವನಗೂರಿನ ಜೀಪ್ ಡ್ರೈವರಿಗೂ ಆಲೂರಿನ ಹೋಟೆಲಿನವರಿಗೂ ನನ್ನ ಚಿತ್ರಗಳಲ್ಲಿ ವ್ಯತ್ಯಾಸವೆಂದರೆ ಮೀಸೆ ಮಾತ್ರ.

ಒಂದೇ ಒಂದು ಫೋಟೋದಲ್ಲಿ ಭಾವ ಸಿಕ್ಕಿತ್ತು. ಜೀಪಿನ ಬಿಡಿಭಾಗಗಳ ಅಂಗಡಿ ಇಟ್ಟಿರುವ ಗೆಳೆಯ ಬಷೀರನನ್ನು ಎಡಕುಮೇರಿ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ, ಹಿಂದೆ ಮಂಜು, ಮುಂದೆ ಹಳಿ, ನಡುವೆ ಅವನನ್ನು ನಿಲ್ಲಿಸಿ ತೆಗೆದದ್ದು. ಅವನ ಕಣ್ಣಿನಲ್ಲಿ ಅದೆಂಥದೋ ಆಳವಾದ ಸಂಕಟ. ಹಾಸನದಲ್ಲಿ ಒಂದು ಸಣ್ಣ ಪ್ರದರ್ಶನ ಇಟ್ಟಾಗ ಹಿರಿಯರೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತು, ‘ಆಧುನಿಕ ಮನುಷ್ಯನ ಏಕಾಕಿತನ’ ಎಂದರು. ಪಕ್ಕದಲ್ಲೇ ಇದ್ದ ಬಷೀರ್ ನನ್ನ ಕಿವಿಯಲ್ಲಿ, ‘ಏಕಾಕಿ ಎಲ್ಲಿ ಮಾರಾಯ, ಷೂ ಒಳಗೆ ಇಂಬಳ ಹತ್ಕಂಡು ರಕ್ತ ಕುಡೀತಿತ್ತು. ಅದರ ಹೆಸ್ರೂ ಹಾಕಪ್ಪ ಕೆಳಗೆ’ ಎಂದ.

ಅಂದಿನಿಂದ ನನಗೆ ಫೋಟೋಗಳ ಮೇಲೂ ಅನುಮಾನ ಶುರುವಾಯಿತು. ನೆನಪುಗಳ ಮೇಲಂತೂ ಮೊದಲೇ ಇತ್ತು. ಚಿಕ್ಕಂದಿನಲ್ಲಿ ನನ್ನನ್ನೂ ಅಕ್ಕನನ್ನೂ ಪೇಟೆಯ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಕನ್ನಡಿಯ ಪಕ್ಕ ದಾರ ಕಟ್ಟಿದ ಬಾಚಣಿಗೆ, ಊರಿನ ಎಲ್ಲ ತಲೆಗಳಿಗೂ ಅದೊಂದೇ. ಊರಿನ ಎಲ್ಲ ಗಂಡು ಮೈಗಳಿಗೂ ಒಂದೇ ಕೋಟು, ದೊಡ್ಡದಾದರೆ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು. ಆ ಕೋಟು ನೀಲಿ ಬಣ್ಣದ್ದು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಕಂದು ಎಂದು ಅಕ್ಕನಿಗೆ ಅಷ್ಟೇ ಸ್ಪಷ್ಟವಾಗಿ ನೆನಪಿದೆ. ಈಗಲೂ ಸೇರಿದಾಗ ಜಗಳವಾಡುತ್ತೇವೆ. ಫೋಟೋ ಗೋಡೆಯ ಮೇಲೆ ಕಪ್ಪು-ಬಿಳುಪಿನಲ್ಲಿ ಕೂತು ಯಾರ ಪಕ್ಷವನ್ನೂ ವಹಿಸುವುದಿಲ್ಲ.

ಸರಿ, ದೇವೀರತ್ತೆ. ನಮ್ಮಪ್ಪನ ತಂಗಿ. ಯಸಳೂರಿನ ಆಚೆ ಒಂದಿಷ್ಟು ಕಾಫಿ, ಮೆಣಸು ಇಟ್ಟುಕೊಂಡಿರುವ ಮನೆ. ಮಗ, ಸೊಸೆ ಸವಿತ ಜೊತೆಗೇ ಇದ್ದಾರೆ. ಮಾವ ತೀರಿಕೊಂಡು ಕೆಲವು ವರ್ಷಗಳಾದವು. ಕಳೆದ ವರ್ಷ ಅತ್ತೆ ಫೋನ್ ಮಾಡಿದರು.

‘ಏನೋ, ಮುಖದ ಫೋಟೋ ತೆಗೀತಾ ತಿರುಗ್ತೀಯಂತೆ?’

‘ಹೂಂ ಅತ್ತೆ.’

‘ಹಂಗಾರೆ ನಂದೊಂದು ತೆಗಿ. ಗ್ವಾಡೆಗೆ ಹಾಕಕ್ಕೆ. ನಾನು ಸತ್ಮೇಲೆ.’

ನಾನು ಏನೋ ಸಮಾಧಾನ ಹೇಳಹೋದೆ. ಅತ್ತೆ ಅವಕಾಶ ಕೊಡಲಿಲ್ಲ. ‘ನನ್ ಓರಗಿತ್ತಿ ತಿಥಿಗೆ ಹೋಗಿದ್ದೆ ಕಣೋ. ಮನೇಲಿ ಒಂದು ಫೋಟೋ ಇಲ್ಲ. ಆಧಾರ್ ಕಾರ್ಡಲ್ಲಿ ಇತ್ತಲ್ಲ, ಅದನ್ನೇ ದೊಡ್ಡದು ಮಾಡ್ಸಿ ಕಟ್ಟು ಹಾಕ್ಸವ್ರೆ. ಕೋಳಿ ಕದ್ದು ಸಿಕ್ಕಿಬಿದ್ದೋಳ ಥರ ಐತೆ. ಎಲ್ರೂ ಅದಕ್ಕೇ ಕೈ ಮುಗಿದು ಹೋದ್ರು. ನಂಗೂ ಹಂಗೇ ಮಾಡ್ಬುಡ್ತಾರೆ. ನನ್ ಕಾರ್ಡಲ್ಲಿ ನಾನೇ ಇಲ್ಲ, ಯಾರೋ ಗಂಡಸು ಅವ್ನೆ.’

ಆ ಭಾನುವಾರವೇ ಕ್ಯಾಮೆರಾ ಹೊತ್ತುಕೊಂಡು ಯಸಳೂರು ಬಸ್ಸು ಹತ್ತಿದೆ. ಭಾವಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಎಲ್ಲಿ ಸಿಗಬೇಕು? ವೃದ್ಧೆ, ಸಾವಿನ ಎದುರು, ಕಪ್ಪು-ಬಿಳುಪು. ದಾರಿಯಲ್ಲೇ ಚಿತ್ರಕ್ಕೆ ಹೆಸರನ್ನೂ ಯೋಚಿಸಿಟ್ಟೆ. ಆ ಹೆಸರು ಏನೆಂದು ನಿಮಗೆ ಹೇಳುವುದಿಲ್ಲ, ನಾಚಿಕೆಯಾಗುತ್ತದೆ.

ಹೋಗಿ ನೋಡಿದರೆ ಅತ್ತೆಯ ತಲೆಯಲ್ಲಿ ಸಾವಿನ ಸುಳಿವೇ ಇಲ್ಲ. ಒಂದು ಗೋಡೆ ಇದೆ, ಅಷ್ಟೇ. ಆ ಗೋಡೆಯನ್ನು ನಿಮಗೆ ಪರಿಚಯ ಮಾಡಿಕೊಡಬೇಕು. ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಅಡುಗೆಮನೆಯ ಬಾಗಿಲು, ನಡುವೆ ಗಂಧದ ಹಾರ ಹಾಕಿಸಿಕೊಂಡ ಮಾವನ ಕಪ್ಪು-ಬಿಳುಪು ಫೋಟೋ. ಅದರಲ್ಲಿ ಮಾವ ನಮ್ಮ ಕಡೆ ನೋಡುತ್ತಿಲ್ಲ. ಮುಖ ಸ್ವಲ್ಪ ತಿರುಗಿಸಿ ಕಿಟಕಿಯ ಕಡೆ ನೋಡುತ್ತಿದ್ದಾರೆ, ತುಟಿಯ ತುದಿಯಲ್ಲಿ ನಗು. ಬದುಕಿದ್ದಾಗ ಮಾವ ನಗುತ್ತಿದ್ದವರಲ್ಲ. ಹಸು ಕರು ಹಾಕಿದರೂ ಗೋದಾಮಿಗೆ ಬೆಂಕಿ ಬಿದ್ದರೂ ಒಂದೇ ಮುಖ. ಇಡೀ ಜನ್ಮಕ್ಕೆ ಒಂದು ಸಲ ನಕ್ಕಿದ್ದರು, ಅದನ್ನು ಕ್ಯಾಮೆರಾ ಹಿಡಿದುಬಿಟ್ಟಿತ್ತು.

ಅದು ವನಗೂರಿನ ಒಂದು ಮದುವೆಯಲ್ಲಿ ತೆಗೆದ ಗುಂಪು ಫೋಟೋ. ಮಾವನಿಗೆ ತನ್ನ ಮುಖ ಹಿಡಿಸಿ, ಪೇಟೆಯ ಸ್ಟುಡಿಯೋದವರ ಹತ್ತಿರ ಅದೊಂದನ್ನೇ ಬಿಡಿಸಿ ದೊಡ್ಡದು ಮಾಡಿಸಿಕೊಂಡು ಬಂದಿದ್ದರು. ಇಡೀ ಗುಂಪಿನ ಫೋಟೋ ಯಾವಾಗಲೋ ಗೆದ್ದಲಿಗೆ ಹೋಯಿತು. ಅತ್ತೆಯ ತಲೆಯೊಳಗಿದ್ದ ಗುಂಪು ಮಾತ್ರ ಹೋಗಲಿಲ್ಲ. ಅದರಲ್ಲಿ ಅಡುಗೆಮನೆಯ ಕಡೆ ಅತ್ತೆ ನಿಂತಿದ್ದರು. ಕಿಟಕಿಯ ಕಡೆ ನರ್ಸಮ್ಮ ನಿಂತಿದ್ದರು. ಆ ಕಾಲದಲ್ಲಿ ಸುತ್ತಲಿನ ಹಳ್ಳಿಗಳಿಗೆ ಬಂದು ಸೂಜಿ ಹಾಕಿ ಹೋಗುತ್ತಿದ್ದವರು, ಬಿಳಿ ಸೀರೆ, ಕೈಗೆ ವಾಚು.

ಆ ನಗುವಿನ ವಿಷಯವಾಗಿ ಅತ್ತೆಯೂ ಮಾವನೂ ಆಡಿದ ಜಗಳ ಇಡೀ ಸಂಸಾರದ ಹಿನ್ನೆಲೆ ಸಂಗೀತವಾಗಿತ್ತು. ನಾವು ಮಕ್ಕಳು ರಜೆಗೆ ಹೋದರೆ ಕಾಫಿಯ ಜೊತೆಗೆ ಅದೂ ಇರುತ್ತಿತ್ತು. ‘ಯಾರ್ನ ನೋಡಿ ನಕ್ಕಿದ್ರಿ?’ ಎಂದು ಅತ್ತೆ. ಮಾವ ಒಂದು ದಿನ ‘ಫೋಟೋದೋನ್ನ’ ಎನ್ನುವರು, ಇನ್ನೊಂದು ದಿನ ‘ಯಾವ್ದೋ ನಾಯಿ ಅಡ್ಡ ಬಂತು’, ಮತ್ತೊಂದು ದಿನ ‘ಮರ್ತೋಯ್ತು ಮಾರಾಯ್ತಿ, ನೀನೇ ಹೇಳು’. ಮೂರನೆಯ ಉತ್ತರ ಕೊಟ್ಟ ದಿನ ಊಟ ತಡವಾಗುತ್ತಿತ್ತು.

‘ನೋಡು’ ಎಂದರು ಅತ್ತೆ, ಅಡುಗೆಮನೆಯ ಬಾಗಿಲ ಪಕ್ಕದ ಖಾಲಿ ಜಾಗ ತೋರಿಸಿ. ‘ನಾನು ಇಲ್ಲಿ ಬರ್ಬೇಕು. ಅವ್ರು ಅತ್ಲಾಗೆ ಹಲ್ಲು ಕಿಸೀತಾ ಇರ್ಲಿ. ನಾನು ಹಿಂದ್ಗಡೆಯಿಂದ ನೋಡ್ತಾ ಇರ್ತೀನಿ. ಎಲ್ಲ ಗೊತ್ತೈತೆ ನಂಗೆ ಅನ್ನೋ ಥರ ಮುಖ ಬರ್ಬೇಕು. ಸಿಟ್ಟು ಬ್ಯಾಡ. ಸಿಟ್ಟು ಬಂದ್ರೆ ಅವ್ರಿಗೆ ಖುಷಿ. ಬರೀ, ಗೊತ್ತೈತೆ ಕಣ್ರೀ, ಅಷ್ಟೇ.’

ಇಂಥ ಸ್ಪಷ್ಟವಾದ ನಿರ್ದೇಶನ ನನಗೆ ಯಾವ ವಿಮರ್ಶಕರಿಂದಲೂ ಸಿಕ್ಕಿರಲಿಲ್ಲ.

ಮಾವನ ಫೋಟೋಗೆ ಎದುರಾಗಿ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿದೆ. ಕಿಟಕಿಯ ಬೆಳಕು ಕೆನ್ನೆಯ ಮೇಲೆ ಚೆನ್ನಾಗಿ ಬೀಳುತ್ತಿತ್ತು. ನಾನು ಗೋಡೆಯ ಕಡೆ ನಿಂತು ಕ್ಯಾಮೆರಾ ಎತ್ತಿದೆ. ಅತ್ತೆ ಫೋಟೋ ಮುಖ ಮಾಡಿದರು.

‘ಅತ್ತೆ, ಇದು ಆಧಾರ್ ಕಾರ್ಡಿನ ಮುಖ.’

‘ಇನ್ನೆಂಗೋ ಮಾಡ್ಲಿ? ಇರಾದೇ ಒಂದು ಮುಖ.’

‘ನರ್ಸಮ್ಮನ್ನ ನೆನೆಸ್ಕೊಳ್ಳಿ.’

ನೆನೆಸಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸವಿತ, ‘ಅಯ್ಯೋ ಅಣ್ಣ, ಇದು ಬ್ಯಾಡ. ಇದನ್ನ ನೋಡಿದ್ರೆ ನನ್ ಮಕ್ಳು ರಾತ್ರಿ ಎದ್ದು ಕಿರುಚ್ತವೆ’ ಎಂದಳು.

‘ನೀನು ಸುಮ್ಕಿರೆ. ನಿನ್ ಮುಖ ನೋಡಿ ಅಭ್ಯಾಸ ಆಗೈತೆ ಅವಕ್ಕೆ’ ಎಂದರು ಅತ್ತೆ.

ಆ ಮಾತು ಆಡಿದಾಗ ಬಂದ ಮುಖ ಅದ್ಭುತವಾಗಿತ್ತು. ನಾನು ಫೋಕಸ್ ಸರಿಮಾಡುವಷ್ಟರಲ್ಲಿ ಅದು ಹೋಗಿ ಆಧಾರ್ ಕಾರ್ಡ್ ವಾಪಸ್ಸು ಬಂದಿತ್ತು. ಹಳೆಯ ಮಾತು ಎತ್ತಿದೆ, ಹಾಸ್ಯ ಮಾಡಿದೆ, ಮೆಣಸಿನ ರೇಟು ಬಿತ್ತಂತೆ ಎಂದು ಸುಳ್ಳು ಹೇಳಿದೆ. ಕ್ಯಾಮೆರಾ ಕೆಳಗಿದ್ದಾಗ ಭಾವ, ಮೇಲೆತ್ತಿದಾಗ ಪೊಲೀಸು. ನನ್ನ ಹತ್ತಿರ ಇದ್ದ ಉಪಾಯಗಳೆಲ್ಲ ಮುಗಿದವು. ಏನು ಹೇಳುವುದೆಂದು ತಿಳಿಯದೆ, ಅಭ್ಯಾಸದಂತೆ, ಜೇಬು ತಡವಿದೆ.

ಅತ್ತೆ ಮೇಲೆ ಮಾವನನ್ನೊಂದು ಸಲ, ಕೆಳಗೆ ನನ್ನನ್ನೊಂದು ಸಲ ನೋಡಿ, ‘ನೀನೂ ನಿನ್ ಮಾವನೂ ಒಂದೇ. ಇಬ್ರಿಗೂ ಜೇಬಲ್ಲಿ ಪೆನ್ನು, ಬರೆಯಾದು ಏನೂ ಇಲ್ಲ’ ಎಂದರು.

ನಾನೂ ತಿರುಗಿ ನೋಡಿದೆ. ಹೌದು, ಮಾವನ ಜೇಬಿನಲ್ಲಿ ಪೆನ್ನಿತ್ತು. ಆದರೆ ಆ ಜೇಬು ಇರಬಾರದ ಕಡೆ ಇತ್ತು.

ಎಲ್ಲಿ ತಪ್ಪಿದೆ ಎಂದು ಒಂದು ಕ್ಷಣ ಹೊಳೆಯಲಿಲ್ಲ. ಆಮೇಲೆ ಹೋಗಿ ಮಾವನ ಫೋಟೋ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ನಿಂತೆ.

‘ಏಯ್, ಅಲ್ಲಿ ನಿಂತ್ಕಬ್ಯಾಡ ಕಣೋ, ಒಳ್ಳೇದಲ್ಲ’ ಎಂದರು ಅತ್ತೆ.

‘ಅತ್ತೆ, ನನ್ ಜೇಬು ಯಾವ ಕಡೆ ಐತೆ ನೋಡಿ.’

‘ಅಡುಗೆಮನೆ ಕಡೆ.’

‘ಮಾವಂದು?’

ಅತ್ತೆ ನೋಡಿದರು. ‘ಕಿಟಕಿ ಕಡೆ. ಅದಕ್ಕೇನೀಗ?’

ಹೇಳಬಾರದಿತ್ತೋ ಏನೋ, ಹೇಳಿಬಿಟ್ಟೆ. ಆಗಿನ ನೆಗೆಟಿವ್ ಎಂದರೆ ಎರಡೂ ಕಡೆಯಿಂದ ನೋಡಬಹುದಾದ ತೆಳ್ಳನೆಯ ಹಾಳೆ. ಸ್ಟುಡಿಯೋದವರು ಅದನ್ನು ಮಗುಚಿ ಇಟ್ಟು ಅಚ್ಚು ಹಾಕಿದ್ದಾರೆ. ಮಾವ ಎಡಬಲ ಅದಲುಬದಲಾಗಿದ್ದಾರೆ. ಮಾವನಿಗೆ ಅದು ಗೊತ್ತಾಗದೇ ಹೋದದ್ದು ಸಹಜ, ದಿನಾ ಕನ್ನಡಿಯಲ್ಲಿ ಅವರಿಗೆ ಕಾಣುತ್ತಿದ್ದದ್ದು ಅದೇ ಮುಖ. ಬಹುಶಃ ಅದಕ್ಕೇ ಅಷ್ಟು ಹಿಡಿಸಿತ್ತು. ‘ಅಂದ್ರೆ ಅತ್ತೆ, ಮಾವ ಅವತ್ತು ನೋಡ್ತಿದ್ದದ್ದು ಕಿಟಕಿ ಕಡೆ ಅಲ್ಲ. ಈ ಕಡೆ.’

ಈ ಕಡೆ ಎಂದರೆ ಅಡುಗೆಮನೆಯ ಕಡೆ. ಗುಂಪಿನಲ್ಲಿ ಅತ್ತೆ ನಿಂತಿದ್ದ ಕಡೆ.

‘ನಮ್ಮೂರ ದರ್ಜಿ ಹಂಗೇ ಹೊಲ್ದಿರ್ತಾನೆ’ ಎಂದರು ಅತ್ತೆ ತಕ್ಷಣ. ‘ಅವ್ನು ನನ್ ರವಿಕೆಗೆ ಒಂದು ತೋಳು ಗಿಡ್ಡ ಮಾಡಿದ್ದ.’

‘ಗುಂಡಿಗಳೂ ಹೆಂಗಸ್ರ ಬಟ್ಟೆ ಥರ ಆ ಕಡೆ ಅವೆ ಅತ್ತೆ.’

‘ಅವ್ರು ಗುಂಡಿ ನೆಟ್ಟಗೆ ಹಾಕ್ಕಂಡ ಮನುಷ್ಯನೇ ಅಲ್ಲ.’

ಸವಿತ ಹತ್ತಿರ ಬಂದು ಫೋಟೋ ನೋಡಿ, ‘ಅತ್ತೆ, ಮದ್ವೆ ಆದ ಹೊಸದ್ರಲ್ಲಿ ಜೀಪಿನ ಬಾಗಿಲು ತಗಲಿ ಮಾವನ ಹುಬ್ಬಿಗೆ ಗಾಯ ಆಗಿತ್ತಲ್ಲ, ಯಾವ ಹುಬ್ಬು?’ ಎಂದಳು.

ಅತ್ತೆ ಬಾಯಿ ತೆರೆದರು. ಅವರ ಬಲಗೈ ತಾನಾಗಿ ಎದ್ದು ಮುಂದಕ್ಕೆ, ಎದುರಿಗೆ ಯಾರೋ ಕೂತಿದ್ದಾರೆ ಎಂಬಂತೆ, ಗಾಳಿಯಲ್ಲಿ ಒಂದು ಹುಬ್ಬನ್ನು ಸವರಿತು. ಸವರಿದ್ದು ಅಡುಗೆಮನೆಯ ಕಡೆಯ ಹುಬ್ಬು. ಗೋಡೆಯ ಮೇಲಿನ ಮಾವನಿಗೆ ಗಾಯ ಇದ್ದದ್ದು ಕಿಟಕಿಯ ಕಡೆಯ ಹುಬ್ಬಿನ ಮೇಲೆ.

‘ಇಷ್ಟು ವರ್ಷ’ ಎಂದರು ಅತ್ತೆ ನಿಧಾನವಾಗಿ, ‘ನಾನು ಬರೀ ಬಾಯಿ ನೋಡ್ತಾ ಕೂತಿದ್ದೆ ಕಣೋ. ಹುಬ್ಬು ನೋಡ್ಲೇ ಇಲ್ಲ.’

ಕ್ಯಾಮೆರಾ ನನ್ನ ಕೈಯಲ್ಲಿತ್ತು. ಒತ್ತಿದೆ.

ಆ ಸದ್ದಿಗೆ ಅತ್ತೆ ಎಚ್ಚೆತ್ತರು. ‘ತಗದ್‌ಬುಟ್ಟ್ಯಾ? ತೋರ್ಸು.’

‘ಇದ್ರಲ್ಲಿ ಈಗ್ಲೇ ಕಾಣಲ್ಲ ಅತ್ತೆ, ತೊಳೀಬೇಕು.’

‘ಏನ್ ಕ್ಯಾಮೆರಾನೋ. ಸವಿತನ ಫೋನಲ್ಲಿ ಆಗ್ಲೇ ಬಂದ್ಬುಡ್ತದೆ.’ ಎದ್ದು ಸೆರಗು ಕೊಡವಿಕೊಂಡರು.

ಉತ್ಸಾಹದಲ್ಲಿ ನಾನು ಇನ್ನೊಂದು ಮಾತು ಎತ್ತಿದೆ. ಮಾವನ ಫೋಟೋವನ್ನು ಮತ್ತೆ ಮಗುಚಿ ಸರಿಯಾಗಿ ಅಚ್ಚು ಹಾಕಿಸಿಕೊಡುತ್ತೇನೆ, ಆಗ ಮಾವ ಅಡುಗೆಮನೆಯ ಕಡೆ, ಅಂದರೆ ನಿಮ್ಮ ಕಡೆಯೇ ನೋಡುತ್ತಾರೆ ಎಂದೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು.

‘ಏನೂ ಬ್ಯಾಡ. ಅವ್ರು ಹೆಂಗವ್ರೋ ಹಂಗೇ ಇರ್ಲಿ. ತಿರುಗ್ಸಿಬುಟ್ರೆ ನಾನು ಇಷ್ಟು ದಿನ ಬೈದಿದ್ದೆಲ್ಲ ಎಲ್ಲಿಗೆ ಹೋಯ್ತದೆ? ಬೈಸ್ಕಂಡು ಸತ್ರಲ್ಲ, ಅವ್ರಿಗೆ ಯಾರು ಹೇಳ್ತಾರೆ?’

ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡತೊಡಗಿದರು. ಅವತ್ತಿನ ಸಾರಿಗೆ ಉಪ್ಪು ಬಿದ್ದಿರಲಿಲ್ಲ. ನಾವ್ಯಾರೂ ಹೇಳಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ನನ್ನ ತಲೆಹುಳ ಕೆಲಸ ಶುರುಮಾಡಿತು. ಇಷ್ಟು ಚೆಂದವಾಗಿ ಕೂಡಿಬರುವ ಕಥೆ ನಿಜವಿರಲು ಸಾಧ್ಯವೇ? ಗುಂಪು ಫೋಟೋ ಗೆದ್ದಲು ತಿಂದಿದೆ. ನರ್ಸಮ್ಮ ಕಿಟಕಿಯ ಕಡೆ ನಿಂತಿದ್ದರು ಎನ್ನಲು ಇರುವುದು ಅತ್ತೆಯ ನೆನಪು ಮಾತ್ರ. ಮಾವನ ಮುಖ ಆ ಕಡೆ ತಿರುಗಿರುವುದನ್ನು ದಿನಾ ನೋಡಿ ನೋಡಿ, ಅತ್ತೆಯೇ ನರ್ಸಮ್ಮನನ್ನು ಆ ಕಡೆ ಕರೆದುಕೊಂಡು ಹೋಗಿ ನಿಲ್ಲಿಸಿರಬಹುದಲ್ಲ? ಹಾಗಾದರೆ ಮಾವನನ್ನು ತಿರುಗಿಸಿದರೆ ನರ್ಸಮ್ಮನೂ ಜೊತೆಗೇ ತಿರುಗಿ ಬಂದುಬಿಡುತ್ತಾರೆ. ಸಾಲದ್ದಕ್ಕೆ ಇನ್ನೊಂದು ಸಂಗತಿ. ಆ ಗುಂಪಿನಲ್ಲಿ ಅತ್ತೆ ನನ್ನನ್ನು ಎತ್ತಿಕೊಂಡಿದ್ದರಂತೆ, ನಾನು ಬಾಯಿ ತೆರೆದು ಅಳುತ್ತಿದ್ದೆನಂತೆ. ಮಾವ ನಕ್ಕದ್ದು ನನ್ನನ್ನು ನೋಡಿಯೂ ಇರಬಹುದು. ಇದನ್ನು ಫೋನಿನಲ್ಲಿ ಅತ್ತೆಗೆ ಸೂಚಿಸಿ ನೋಡಿದೆ. ‘ನಿನ್ ಸುಂಬಳದ ಮೂತಿ ನೋಡಿ ಯಾವನು ನಗ್ತಾನೆ, ಇಡೋ ಫೋನು’ ಎಂದರು. ನರ್ಸಮ್ಮನ ಬಗೆಗಿನ ಅನುಮಾನವನ್ನು ಮಾತ್ರ ಹೇಳಲಿಲ್ಲ. ಮನೆಯಲ್ಲಿ ಬಚ್ಚಲ ಬಾಗಿಲು ಹಾಕಿಕೊಂಡು ಫಿಲಂ ತೊಳೆದೆ.

ಕೆಂಪು ದೀಪದ ಮಬ್ಬಿನಲ್ಲಿ ಅಚ್ಚಿನ ಕಾಗದದ ಮೇಲೆ ಆ ಮುಖ ಮೂಡಿಬಂತು. ಜೀವಮಾನದಲ್ಲಿ ನಾನು ತೆಗೆದ ಒಳ್ಳೆಯ ಚಿತ್ರ ಅದೊಂದೇ. ಅದರಲ್ಲಿರುವ ಭಾವ ಯಾವುದು ಎಂದು ಮಾತ್ರ ನನ್ನನ್ನು ಕೇಳಬೇಡಿ. ಹೆಂಡತಿ ನೋಡಿ ‘ಪಾಪ, ದುಃಖ’ ಎಂದಳು. ಅತ್ತೆಯ ಮಗ ‘ಅವ್ವ ಸೀನೋಕೆ ಮೊದ್ಲು ಹಿಂಗೇ ಮಾಡೋದು’ ಎಂದ. ಬಷೀರ್ ಬಹಳ ಹೊತ್ತು ನೋಡಿ, ‘ಇವ್ರಿಗೂ ಎಲ್ಲೋ ಹತ್ಕಂಡೈತೆ ಮಾರಾಯ’ ಎಂದ. ‘ಗೊತ್ತೈತೆ ಕಣ್ರೀ’ ಎಂಬ ಮುಖ ಅದಲ್ಲವೇ ಅಲ್ಲ. ಏನೂ ಗೊತ್ತಿರಲಿಲ್ಲ ಎಂಬ ಮುಖ. ಅತ್ತೆ ಬಯಸಿದ್ದಕ್ಕೆ ನೇರ ತಿರುಗುಮುರುಗು.

ಕಟ್ಟು ಹಾಕಿಸಿ, ಅಳುಕಿನಿಂದಲೇ, ಅತ್ತೆಯ ಮಗನ ಕೈಯಲ್ಲಿ ಕೊಟ್ಟು ಕಳಿಸಿದೆ. ಬೈಗುಳಕ್ಕೆ ಕಾದೆ. ಫೋನೇ ಬರಲಿಲ್ಲ. ಒಂದು ತಿಂಗಳು ಬಿಟ್ಟು ನಾನೇ ಹೋದೆ.

ಬಾಗಿಲಲ್ಲೇ ಸವಿತ ಹಿಡಿದುಕೊಂಡಳು. ‘ನೋಡಿ ಅಣ್ಣ, ಬದುಕಿರೋರ ಫೋಟೋ ಆ ಗ್ವಾಡೆಗೆ ಹಾಕ್ತಾರಾ? ಬ್ಯಾಡ ಅಂದ್ರೆ ಕೇಳಲ್ಲ. ತಾವೇ ಸ್ಟೂಲ್ ಹತ್ತಿ ಮೊಳೆ ಹೊಡೆದವ್ರೆ.’

‘ಹಾರ ಹಾಕ್ಬ್ಯಾಡ ಅಷ್ಟೇ. ಮಿಕ್ಕಿದ್ದು ನಾನು ನೋಡ್ಕತೀನಿ’ ಎಂದು ಒಳಗಿನಿಂದ ಧ್ವನಿ ಬಂತು.

ಗೋಡೆ ನೋಡಿದೆ. ಅಡುಗೆಮನೆಯ ಬಾಗಿಲ ಪಕ್ಕದ ಜಾಗ ಖಾಲಿಯೇ ಇತ್ತು. ಮಾವ ಮೊದಲಿನಂತೆಯೇ ಕಿಟಕಿಯ ಕಡೆ ಮುಖ ತಿರುಗಿಸಿ, ತಪ್ಪು ಜೇಬಿನಲ್ಲಿ ಪೆನ್ನು ಇಟ್ಟುಕೊಂಡು, ತುಟಿಯ ತುದಿಯಲ್ಲಿ ನಗುತ್ತಿದ್ದರು. ಅವರು ನೋಡುತ್ತಿದ್ದ ಕಡೆ, ಕಿಟಕಿಗೂ ಅವರಿಗೂ ನಡುವೆ, ಅತ್ತೆ ಇದ್ದರು.

‘ಏನತ್ತೆ, ಆ ಕಡೆ ಹಾಕ್ತೀನಿ ಅಂತಿದ್ರಲ್ಲ, ಈ ಕಡೆ ಬಂದ್ಬುಟ್ರಿ?’

ಅತ್ತೆ ಕಾಫಿ ಲೋಟ ಹಿಡಿದುಕೊಂಡು ಬಂದರು. ‘ಆ ಕಡೆ ಹೊಗೆ ಹತ್ತುತ್ತೆ ಕಣೋ. ಗಾಜು ಕಪ್ಪಾಯ್ತದೆ.’

‘ಎಲ್ಲಿ ಹೊಗೆ ಅತ್ತೆ?’ ಎಂದಳು ಸವಿತ. ‘ಗ್ಯಾಸ್ ಒಲೆ ಬಂದು ಯಾವ ಕಾಲ ಆಯ್ತು?’

‘ನಿನ್ ಒಗ್ಗರಣೆ ಹೊಗೆ ಕಣೆ! ದಿನಾ ಸೀಯಿಸ್ತೀಯಲ್ಲ!’

ಹಾಗೆ ಹೇಳಿ ಅತ್ತೆ ನನ್ನ ಕಡೆ ತಿರುಗಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕಿವಿಯ ತುದಿಯಿಂದ ಶುರುವಾಗಿ ಕೆನ್ನೆಯವರೆಗೂ ಒಂದು ಬಣ್ಣ ಹರಡುತ್ತಿತ್ತು. ಕ್ಯಾಮೆರಾ ಹೆಗಲಲ್ಲೇ ಇತ್ತು, ಕೈ ಅದರ ಕಡೆ ಹೋಯಿತು.

‘ಆ ಡಬ್ಬದಲ್ಲಿ ಬಣ್ಣ ಬರಲ್ಲ ಅಂದಿದ್ದೆ ಅಲ್ವ ನೀನು?’ ಎಂದರು ಅತ್ತೆ.

‘ಬರಲ್ಲ ಅತ್ತೆ.’

‘ಹಂಗಾರೆ ತೆಕ್ಕೋ’ ಎಂದು ಕಾಫಿ ಲೋಟ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಕ್ಯಾಮೆರಾವನ್ನು ನೆಟ್ಟಗೆ ನೋಡುತ್ತಾ ಕೂತರು.